ಭುಜ ಹಿಡಿದುಕೊಂಡಿದೆಯೇ? ಎಳೆಯಬೇಡಿ, ಕಟ್ಟಿಯೂ ಇಡಬೇಡಿ

ಆಯಿಗೆ ತುರುಬು ಕಟ್ಟಿಕೊಳ್ಳಲು ಆಗುತ್ತಿಲ್ಲ ಅಂತ ನಮಗೆ ಗೊತ್ತಾಗುವಾಗ ಎರಡು ತಿಂಗಳು ಕಳೆದಿತ್ತು. ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಅದು ಅಡಿಕೆ ಸುಲಿಯುವ ಕಾಲ. ಸುಲಿಯಲು ಕೂತರೆ ಕೈ ತೊಡೆಯ ಮಟ್ಟದಲ್ಲೇ ಇರುತ್ತದೆ, ಹಾಗಾಗಿ ಕೆಲಸ ನಡೆಯುತ್ತಿತ್ತು. ಒಂದು ದಿನ ಅಟ್ಟಣಿಗೆಯ ಮೇಲಿನ ಉಪ್ಪಿನಕಾಯಿ ಭರಣಿ ತೆಗೆಯಲು ಹೋದವಳು ಎಡಗೈ ಅರ್ಧಕ್ಕೇ ನಿಂತು ಅಲ್ಲೇ ಕೂತುಬಿಟ್ಟಳು.

ಆಮೇಲೆ ನಾವು ತಪ್ಪು ಮಾಡಿದೆವು. 'ವಾಯು ಹಿಡಿದಿದೆ' ಅಂತ ಯಾರೋ ಹೇಳಿದರು, ಎಣ್ಣೆ ತಿಕ್ಕುವವರೊಬ್ಬರ ಹತ್ತಿರ ಕರೆದುಕೊಂಡು ಹೋದೆವು. ಅವರು ಕೈಯನ್ನು ಜೋರಾಗಿ ಮೇಲಕ್ಕೆ ಎಳೆದರು. ಆ ರಾತ್ರಿ ಆಯಿ ಮಲಗಲೇ ಇಲ್ಲ. ಆಯಿಗೆ ಬಂದಿದ್ದು ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲು ನೋವಿನ ಜೊತೆ ಬಿಗಿದುಕೊಳ್ಳುವ ಕಾಯಿಲೆ. ಅದಕ್ಕೇ ಈ ಲೇಖನ.

ಒಳಗೆ ಏನಾಗುತ್ತದೆ?

ಭುಜದ ಕೀಲಿನ ಸುತ್ತ ಚೀಲದಂಥ ಪೊರೆ ಇರುತ್ತದೆ. ಕೈ ಎತ್ತಲು ಅನುಕೂಲವಾಗಲಿ ಅಂತ ಅದು ಕೆಳಗಡೆ ಸಡಿಲವಾಗಿರುತ್ತದೆ. ಫ್ರೋಜನ್ ಶೋಲ್ಡರ್‌ನಲ್ಲಿ ಆ ಪೊರೆಗೆ ಉರಿಯೂತ ಬಂದು, ದಪ್ಪವಾಗಿ, ಕುಗ್ಗುತ್ತದೆ. ತೊಳೆದು ಕುಗ್ಗಿದ ರವಿಕೆ ಕಂಕುಳಲ್ಲಿ ಹಿಡಿಯುತ್ತದಲ್ಲ, ಹಾಗೆ.

ಹೆಚ್ಚಾಗಿ 40ರಿಂದ 60 ವರ್ಷದವರಿಗೆ ಬರುತ್ತದೆ, ಹೆಂಗಸರಿಗೆ ಜಾಸ್ತಿ. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇದ್ದವರಿಗೆ ಇನ್ನೂ ಜಾಸ್ತಿ. ಮೂಳೆ ಮುರಿದೋ ಆಪರೇಷನ್ ಆಗಿಯೋ ಕೈಯನ್ನು ಬಹಳ ದಿನ ಆಡಿಸದೆ ಇಟ್ಟವರಿಗೂ ಬರಬಹುದು. ಎಷ್ಟೋ ಜನರಲ್ಲಿ ಕಾರಣವೇ ಸಿಗುವುದಿಲ್ಲ.

ಮೊದಲು ಗುರುತಿಸಿ

ಎರಡೂ ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿಯಿರಿ. ಮುಂಗೈ ಮುಂದಕ್ಕೆ ಚಾಚಿರಲಿ. ಈಗ ಎರಡು ಬಾಗಿಲು ತೆರೆದ ಹಾಗೆ ಕೈಗಳನ್ನು ಹೊರಕ್ಕೆ ತಿರುಗಿಸಿ. ಒಂದು ಕೈ ಸಲೀಸಾಗಿ ತೆರೆದು ಇನ್ನೊಂದು ಅಲ್ಲೇ ನಿಂತರೆ ಅನುಮಾನ ಪಡಿ. ಈ ಕಾಯಿಲೆಯಲ್ಲಿ ಹೀಗೆ ಹೊರಕ್ಕೆ ತಿರುಗುವುದೇ ಎಲ್ಲಕ್ಕಿಂತ ಹೆಚ್ಚು ನಿಲ್ಲುತ್ತದೆ.

ಇನ್ನೊಂದು ಗುರುತು. ನಿಮ್ಮ ಕೈಯನ್ನು ಸಡಿಲ ಬಿಟ್ಟು, ಮನೆಯವರ ಹತ್ತಿರ ಮೆಲ್ಲಗೆ ತಿರುಗಿಸಲು ಹೇಳಿ. ಅವರು ತಿರುಗಿಸಿದರೂ ಹೋಗದಿದ್ದರೆ ಪೊರೆ ಬಿಗಿದಿರಬಹುದು. ಅವರು ಎತ್ತಿದರೆ ಹೋಗುತ್ತದೆ, ನೀವಾಗಿ ಎತ್ತಲು ಆಗುವುದಿಲ್ಲ ಅಂದರೆ ಸ್ನಾಯುವಿನ ತೊಂದರೆ ಇರಬಹುದು, ಅದರ ಚಿಕಿತ್ಸೆ ಬೇರೆ. ಹಾಗಾಗಿ ಮೂಳೆ ಡಾಕ್ಟರಿಗೆ ಒಮ್ಮೆ ತೋರಿಸಲೇಬೇಕು. ಎಕ್ಸ್‌ರೇ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ; ಸವೆತ, ಬಿರುಕು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ತೆಗೆಸುತ್ತಾರೆ. ಅದೇ ದಿನ ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿ. ಆಯಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಗಿದ್ದೇ ಈ ಭುಜದಿಂದ.

ಎದೆ ನೋವು, ಬೆವರು, ಉಸಿರು ಕಟ್ಟುವುದರ ಜೊತೆ ಎಡ ಭುಜ ನೋಯುತ್ತಿದ್ದರೆ ಅದು ಹೃದಯದ್ದಿರಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ. ಬಿದ್ದ ಮೇಲೆ ಬಂದ ನೋವು, ಜ್ವರದ ಜೊತೆ ಕೆಂಪಾಗಿ ಊದಿದ ಭುಜ, ಇವಕ್ಕೂ ಕಾಯಬಾರದು.

ಯಾವ ಹಂತ ಅಂತ ತಿಳಿಯಿರಿ

ಮೊದಲು ನೋವಿನ ಹಂತ, ಕೆಲವು ತಿಂಗಳು. ಆ ಮಗ್ಗುಲಿಗೆ ಮಲಗಲು ಆಗುವುದಿಲ್ಲ. ಆಮೇಲೆ ಬಿಗಿತದ ಹಂತ: ನೋವು ಇಳಿಯುತ್ತದೆ, ಕೈ ಮಾತ್ರ ಏಳುವುದಿಲ್ಲ. ಕೊನೆಗೆ ನಿಧಾನಕ್ಕೆ ಸಡಿಲವಾಗುತ್ತದೆ. ಒಟ್ಟು ಒಂದರಿಂದ ಮೂರು ವರ್ಷ ಹಿಡಿಯಬಹುದು. ಕೇಳಿದರೆ ಎದೆ ಧಸಕ್ ಅನ್ನುತ್ತದೆ, ಆದರೆ ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದೇ ಇಲ್ಲ.

ನೋವಿನ ಹಂತದಲ್ಲಿ ಗುರಿ ಒಂದೇ, ನಿದ್ದೆ. ನೋವಿನ ಮಾತ್ರೆಯನ್ನು ಡಾಕ್ಟರ್ ಹೇಳಿದಷ್ಟೇ ತೆಗೆದುಕೊಳ್ಳಿ. ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ, ಕಿಡ್ನಿ ಎರಡಕ್ಕೂ ಕೆಟ್ಟದ್ದು. ಅಂಗಾತ ಮಲಗಿ ಮೊಣಕೈ ಕೆಳಗೆ ಸಣ್ಣ ದಿಂಬು ಇಟ್ಟುಕೊಳ್ಳಿ. ಡಾಕ್ಟರ್ ಕೀಲಿನೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಹೇಳಿದರೆ ಸುಮ್ನೆ ಹೆದರಬೇಡಿ. ಶುರುವಿನಲ್ಲೇ ಕೊಟ್ಟರೆ ನೋವು ಚೆನ್ನಾಗಿ ಇಳಿಯುತ್ತದೆ. ಸಕ್ಕರೆ ಇದ್ದವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ, ಅದನ್ನು ನೋಡಿಕೊಳ್ಳುತ್ತಿರಬೇಕು.

ವ್ಯಾಯಾಮ, ನಿಧಾನಕ್ಕೆ

ನಮ್ಮ ಕಡೆ ಹಳ್ಳಿಗಳಿಂದ ದಿನಾ ಪೇಟೆಗೆ ಹೋಗಿ ಫಿಸಿಯೋಥೆರಪಿ ಮಾಡಿಸಿಕೊಳ್ಳುವುದು ಕಷ್ಟ, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಎರಡು ಮೂರು ಸಲ ಹೋಗಿ ಸರಿಯಾಗಿ ಕಲಿತು ಬನ್ನಿ, ಉಳಿದದ್ದು ಮನೆಯಲ್ಲೇ ಆಗುತ್ತದೆ. ಬಚ್ಚಲ ಹಂಡೆಯ ಬಿಸಿನೀರಿನ ಸ್ನಾನ ಮುಗಿದ ಕೂಡಲೇ ಮಾಡಿದರೆ ಒಳ್ಳೆಯದು, ಆಗ ಭುಜ ಸ್ವಲ್ಪ ಸಡಿಲವಾಗಿರುತ್ತದೆ.

ಮೊದಲನೆಯದು ಲೋಲಕ. ಒಳ್ಳೆಯ ಕೈಯನ್ನು ಮೇಜಿನ ಮೇಲೆ ಊರಿ ಮುಂದಕ್ಕೆ ಬಾಗಿ. ನೋಯುವ ಕೈಯನ್ನು ಬಾವಿಗೆ ಇಳಿಬಿಟ್ಟ ಹಗ್ಗದ ಹಾಗೆ ಜೋತುಬಿಡಿ. ಮೈಯನ್ನು ತೂಗಿ, ಊಟದ ತಟ್ಟೆಯಷ್ಟು ಅಗಲದ ಸುತ್ತು ಹಾಕಿಸಿ, ಆ ಕಡೆ 10, ಈ ಕಡೆ 10. ಭುಜ ತಾನಾಗಿ ಬಲ ಹಾಕಬಾರದು, ಗುಟ್ಟು ಅದೇ. 1934ರಲ್ಲಿ ಈ ಕಾಯಿಲೆಗೆ ಫ್ರೋಜನ್ ಶೋಲ್ಡರ್ ಅಂತ ಹೆಸರಿಟ್ಟ ಬಾಸ್ಟನ್‌ನ ಶಸ್ತ್ರವೈದ್ಯ ಕಾಡ್‌ಮನ್ ಹೆಸರಿನಲ್ಲೇ ಈ ವ್ಯಾಯಾಮವೂ ಇದೆ. ಇದನ್ನು ನೋವಿನ ಹಂತದಲ್ಲೂ ಮೆಲ್ಲಗೆ ಮಾಡಬಹುದು.

ನೋವು ಇಳಿದ ಮೇಲೆ ಗೋಡೆ ಹತ್ತುವುದು. ಗೋಡೆಗೆ ಎದುರಾಗಿ ನಿಂತು, ಬೆರಳುಗಳನ್ನು ಜೇಡನ ಕಾಲಿನಂತೆ ಸೊಂಟದ ಮಟ್ಟದಿಂದ ಮೇಲಕ್ಕೆ ನಡೆಸಿ. ನಿಂತಲ್ಲಿ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ನಮ್ಮ ಅಡುಗೆಮನೆ ಗೋಡೆಯಲ್ಲಿ ಮೊದಲ ಗೆರೆ ಆಯಿಯ ಎದೆಯ ಮಟ್ಟಕ್ಕಿತ್ತು. ಮೂರು ವಾರ ಕಳೆದರೂ ಎರಡು ಬೆರಳಷ್ಟೇ ಏರಿತ್ತು. "ಬಿಟ್ಟಾಕು, ಇದು ಆಗೋದಲ್ಲ" ಅಂದಿದ್ದಳು. ಆ ಗೆರೆ ತೋರಿಸಿಯೇ ಮತ್ತೆ ಮಾಡಿಸಿದ್ದು.

ಮೂರನೆಯದು ಟವೆಲ್. ಬೆನ್ನ ಹಿಂದೆ ಅದರ ಎರಡು ತುದಿ ಹಿಡಿದು, ಒಳ್ಳೆಯ ಕೈಯಿಂದ ನೋಯುವ ಕೈಯನ್ನು ಮೆಲ್ಲಗೆ ಮೇಲಕ್ಕೆ ಎಳೆಯುವುದು. ಮೊಣಕೈ ಪಕ್ಕೆಗೆ ಒತ್ತಿ, ಕೋಲಿನಿಂದ ಮುಂಗೈಯನ್ನು ಹೊರಕ್ಕೆ ತಳ್ಳುವುದು ಇನ್ನೊಂದು.

ಎಷ್ಟು ಮಾಡಬೇಕು? ಬಿಗಿ ಅನ್ನಿಸುವವರೆಗೆ. ಚುಚ್ಚುವ ನೋವಿನವರೆಗಲ್ಲ. ಮಾಡಿದ ಮೇಲೆ ನೋವು ಗಂಟೆಗಟ್ಟಲೆ ಉಳಿದರೆ, ರಾತ್ರಿ ನಿದ್ದೆ ಕೆಟ್ಟರೆ, ಮರುದಿನ ಕಡಿಮೆ ಮಾಡಿ. ಆದರೆ ಕೈಯನ್ನು ಜೋಳಿಗೆಯಲ್ಲಿ ಕಟ್ಟಿ ಸುಮ್ಮನೆ ಕೂರಬೇಡಿ, ಇನ್ನೂ ಬಿಗಿಯುತ್ತದೆ.

ಹಲವು ತಿಂಗಳು ಶ್ರದ್ಧೆಯಿಂದ ಮಾಡಿದರೂ ಗೆರೆ ಏರದಿದ್ದರೆ ಮತ್ತೆ ಡಾಕ್ಟರನ್ನು ಕಾಣಿ. ಕೀಲಿನೊಳಗೆ ಸಲೈನ್ ತುಂಬಿ ಪೊರೆ ಹಿಗ್ಗಿಸುವ ವಿಧಾನವೂ ಇದೆ.

ವಾಸಿಯಾದ ಭುಜಕ್ಕೆ ಇದು ಮತ್ತೆ ಬರುವುದು ಅಪರೂಪ. ಆದರೆ ಕೆಲವರಿಗೆ ಮುಂದೆ ಇನ್ನೊಂದು ಭುಜಕ್ಕೆ ಬರುತ್ತದೆ. ಆಯಿ ಈಗ ತುರುಬು ಕಟ್ಟಿಕೊಂಡಾದ ಮೇಲೆ ಬಲ ಮೊಣಕೈಯನ್ನು ಪಕ್ಕೆಗೆ ಒತ್ತಿ, ಕೈ ಹೊರಕ್ಕೆ ತೆರೆಯುತ್ತದಾ ಅಂತ ನೋಡಿಕೊಳ್ಳುತ್ತಾಳೆ.