ಡಕ್ ಸೂಪ್‌ಗೆ ಕನ್ನಡ ಸಬ್‌ಟೈಟಲ್ ಬರೆದದ್ದು

ಹಳೇ ಅಮೆರಿಕನ್ ಆಡುಮಾತಿನಲ್ಲಿ 'ಡಕ್ ಸೂಪ್' ಅಂದರೆ ನೀರು ಕುಡಿದಷ್ಟು ಸುಲಭದ ಕೆಲಸ ಅಂತ ಅರ್ಥ. ಟೈಟಲ್ ಬರುವಾಗ ಪಾತ್ರೆಯೊಳಗೆ ಈಜುವ ಬಾತುಕೋಳಿಗಳನ್ನು ಬಿಟ್ಟರೆ ಸಿನಿಮಾಗೂ ಬಾತುಕೋಳಿಗೂ ಸಂಬಂಧವೇ ಇಲ್ಲ. ಒಟ್ಟು 68 ನಿಮಿಷದ ಸಿನಿಮಾ, ಎರಡು ಭಾನುವಾರ ಕೂತರೆ ಮುಗೀತು ಅಂದುಕೊಂಡು ಒಪ್ಪಿಕೊಂಡೆ. ಎರಡೂವರೆ ತಿಂಗಳು ಹಿಡಿಯಿತು.

ನಾವು ಮೈಸೂರಿನಲ್ಲಿ ಒಂದಿಷ್ಟು ಜನ ತಿಂಗಳಿಗೊಂದು ಸಲ ಗೆಳೆಯನ ಮನೆಯ ಮಹಡಿಯಲ್ಲಿ ಹಳೇ ಸಿನಿಮಾ ಹಾಕಿಕೊಂಡು ನೋಡುತ್ತೇವೆ. ಬರುವವರಲ್ಲಿ ಅರ್ಧ ಜನ ಅರವತ್ತು ದಾಟಿದವರು. ಅವರಿಗೆ ಇಂಗ್ಲಿಷ್ ಬರುತ್ತದೆ, ಆದರೆ ಗ್ರೌಚೋ ಮಾರ್ಕ್ಸ್ ಮಾತಾಡುವ ಸ್ಪೀಡಿಗೆ ಯಾರ ಇಂಗ್ಲಿಷೂ ಸಾಲುವುದಿಲ್ಲ. ಹಾಗಾಗಿ ಸಬ್‌ಟೈಟಲ್ ಕೆಲಸ ನನ್ನ ತಲೆಗೆ ಬಂತು.

ನೋಡದವರಿಗೆ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಫ್ರೀಡೋನಿಯಾ ಅಂತ ಒಂದು ದೇಶ, ಬೊಕ್ಕಸ ಬರಿದು. ಸಾಲ ಕೊಡುವ ಶ್ರೀಮಂತ ಹೆಂಗಸು ಮಿಸೆಸ್ ಟೀಸ್‌ಡೇಲ್ ಹಾಕುವ ಷರತ್ತು ಒಂದೇ: ರೂಫಸ್ ಫೈರ್‌ಫ್ಲೈನನ್ನು ದೇಶದ ನಾಯಕ ಮಾಡಬೇಕು. ಅವನೇ ಗ್ರೌಚೋ. ಪಕ್ಕದ ಸಿಲ್ವೇನಿಯಾದ ರಾಯಭಾರಿ ಟ್ರೆಂಟಿನೋ ಜೊತೆ ಸುಮ್ನೆ ಜಗಳ ತೆಗೆದು ಯುದ್ಧವನ್ನೇ ಹಚ್ಚುತ್ತಾನೆ. ಗ್ರೌಚೋನ ಸ್ವಂತ ಅಣ್ಣಂದಿರಾದ ಹಾರ್ಪೋ, ಚಿಕೋ ಇಬ್ಬರೂ ಇದರಲ್ಲಿ ಬೇಹುಗಾರರು. ಕೊನೆಯ ತಮ್ಮ ಝೆಪ್ಪೋ ಕಾರ್ಯದರ್ಶಿ, ಅವನಿಗೆ ಕೆಲಸ ಜಾಸ್ತಿ ಇಲ್ಲ. ಲಿಯೋ ಮಕ್ಯಾರಿ ನಿರ್ದೇಶನ, 1933ರ ನವೆಂಬರ್‌ನಲ್ಲಿ ಬಿಡುಗಡೆ. ಅದೇ ವರ್ಷ ಜನವರಿಯಲ್ಲಿ ಹಿಟ್ಲರ್ ಜರ್ಮನಿಯ ಚಾನ್ಸಲರ್ ಆಗಿದ್ದ, ಅದನ್ನು ನೆನಪಿಟ್ಟುಕೊಂಡು ನೋಡಿದರೆ ನಗು ಸ್ವಲ್ಪ ಗಂಟಲಲ್ಲೇ ನಿಲ್ಲುತ್ತದೆ.

ಮೊದಲು ತಲೆ ತಿಂದದ್ದು ಭಾಷೆಯಲ್ಲ, ಒತ್ತಕ್ಷರ. ನಾನು ಬಳಸಿದ್ದು ಸಬ್‌ಟೈಟಲ್ ಎಡಿಟ್ ಅನ್ನುವ ಉಚಿತ ಸಾಫ್ಟ್‌ವೇರ್. ಒಂದು ಸಾಲಿನಲ್ಲಿ ಎಷ್ಟು ಅಕ್ಷರ ಅಂತ ಅದು ಎಣಿಸುತ್ತದೆ, ಹೆಚ್ಚಾದರೆ ಕೆಂಪು ತೋರಿಸುತ್ತದೆ. ಆದರೆ 'ಸ್ತ್ರೀ' ಅಂತ ಒಂದೇ ಅಕ್ಷರ ಬರೆದರೂ ಒಳಗೆ ಆರು ಸಂಕೇತ ಇರುತ್ತವೆ ನೋಡಿ. ಪರದೆ ಮೇಲೆ ಪುಟ್ಟ ಸಾಲು, ಸಾಫ್ಟ್‌ವೇರ್ ಮಾತ್ರ ಉದ್ದ ಆಯ್ತು ಅಂತ ಗೊಣಗುತ್ತದೆ. ಕೊನೆಗೆ ಲೆಕ್ಕ ಬಿಟ್ಟು, ಪ್ರತಿ ಸಾಲನ್ನೂ ಜೋರಾಗಿ ಓದಿ, ಪಾತ್ರ ಬಾಯಿ ಮುಚ್ಚುವುದರೊಳಗೆ ನನ್ನ ಓದು ಮುಗಿಯುತ್ತದಾ ಅಂತ ನೋಡಿದೆ. ಮುಗಿಯದಿದ್ದರೆ ಕತ್ತರಿ. ಎರಡು ಸಾಲು ಇದ್ದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಎರಡೂ ಓದಲಾಗದಂತೆ ಆಗುತ್ತಿತ್ತು, ಅದಕ್ಕೇ ಆದಷ್ಟೂ ಒಂದೇ ಸಾಲಿಗೆ ಇಳಿಸಿದೆ.

ಆಮೇಲೆ ಶ್ಲೇಷೆ. ಮಂತ್ರಿ "ಈಗ ತೆರಿಗೆಯ ವಿಷಯ ಎತ್ತಿಕೊಳ್ಳೋಣ" ಅಂದರೆ ಗ್ರೌಚೋ "ಜಮಖಾನ ಎತ್ತೋಣ" ಅನ್ನುತ್ತಾನೆ. ನಮ್ಮಲ್ಲೂ ವಿಷಯ ಎತ್ತುತ್ತೇವೆ, ಜಮಖಾನವನ್ನೂ ಎತ್ತುತ್ತೇವೆ, ಅಲ್ಲಿಯವರೆಗೆ ಸರಿ. ಮುಂದಿನ ಮಾತು ಇಂಗ್ಲಿಷಿನಲ್ಲಿ ತೆರಿಗೆ ಮತ್ತು ಮೊಳೆ ಒಂದೇ ಥರ ಕೇಳಿಸುವುದರ ಮೇಲೆ ನಿಂತಿದೆ. ಕನ್ನಡದಲ್ಲಿ ತೆರಿಗೆಗೂ ಮೊಳೆಗೂ ಏನು ನಂಟು? ನಾನು ಮೊಳೆ ಬಿಟ್ಟು "ಎತ್ತಿ ನೋಡಿ, ತೆರಿಗೆ ಜಮಖಾನದ ಅಡಿಯಲ್ಲೇ ಇದ್ದೀತು" ಅಂತ ಹಾಕಿದೆ. ನಗು ಬಂತು, ಮಾತು ಮೂಲದ್ದಲ್ಲ.

ಅವನು ಮಿಸೆಸ್ ಟೀಸ್‌ಡೇಲ್‌ಗೆ ಟ್ಯಾಕ್ಸಿ ಹತ್ತಿ ಹೊರಡಿ, ಇಲ್ಲದಿದ್ದರೆ ಸಿಟ್ಟಿನಲ್ಲಿ ಹೊರಡಿ ಅನ್ನುವ ಒಂದು ಮಾತಿದೆ. ಅದಕ್ಕೆ ಮೂರು ದಿನ ಹೋಯಿತು. "ಟ್ಯಾಕ್ಸಿ ಹತ್ತಿ ಹೋಗಿ. ಸಿಗದಿದ್ರೆ ತಲೆಗೆ ಸಿಟ್ಟು ಹತ್ತಿಸ್ಕೊಂಡು ಹೋಗಿ. ಈಗಲೇ ಬೇಡ ಅಂದ್ರೆ ಹತ್ತು ನಿಮಿಷ ಬಿಟ್ಟು ಹೋಗಿ." ಇದು ಹೊಳೆದದ್ದು ತರಕಾರಿ ಅಂಗಡಿಯಲ್ಲಿ. ಹತ್ತು ರೂಪಾಯಿ ಚಿಲ್ಲರೆ ಇಲ್ಲ ಅಂತ ಅಂಗಡಿಯವನು ರೇಗುತ್ತಿದ್ದ.

ತಲೆಯೇ ಕೆಡಿಸಿಕೊಳ್ಳಬೇಕಾಗದೆ ಹೋದದ್ದು ಕೋರ್ಟಿನ ದೃಶ್ಯ. ಯುದ್ಧ ಆದರೆ ಟ್ಯಾಕ್ಸ್ ಏರುತ್ತದೆ ಅಂತ ಮಂತ್ರಿ ಹೇಳಿದರೆ ಚಿಕೋ, ನಮ್ಮ ಅಂಕಲ್ ಅಲ್ಲೇ ಇರೋದು, ಡಾಲರ್ಸ್, ಟ್ಯಾಕ್ಸಸ್ ಅನ್ನುತ್ತಾನೆ. ಡಾಲಸ್, ಟೆಕ್ಸಾಸ್ ಅಂದರೆ ಏನು ಅಂತ ನಮ್ಮ ಮಹಡಿಯಲ್ಲಿ ಯಾರಿಗೂ ವಿವರಿಸಬೇಕಾಗಲಿಲ್ಲ. ಅವತ್ತು ಬಂದವರಲ್ಲಿ ಇಬ್ಬರ ಮಕ್ಕಳು ಅಲ್ಲೇ ಇದ್ದಾರೆ.

ಇಂಗ್ಲಿಷಿನಲ್ಲಿ ಇರುವುದು ಒಂದೇ 'ಯೂ'. ಕನ್ನಡದಲ್ಲಿ ನೀನು, ನೀವು ಅಂತ ಪ್ರತಿ ಸಲ ತೀರ್ಮಾನ ಮಾಡಬೇಕು. ಫೈರ್‌ಫ್ಲೈ ಆ ಹೆಂಗಸಿಗೆ ಏನೇ ಅವಮಾನ ಮಾಡಿದರೂ ಬಹುವಚನದಲ್ಲೇ ಮಾಡಲಿ ಅಂತ ಇಟ್ಟೆ, ಮರ್ಯಾದೆ ಕೊಟ್ಟು ಮರ್ಯಾದೆ ತೆಗೆದರೆ ತಮಾಷೆ ಜಾಸ್ತಿ. ಟ್ರೆಂಟಿನೋ ಜೊತೆಗಿನ ಜಗಳ ಮಾತ್ರ ನೀವು ಅಂತ ಶುರುವಾಗಿ ನೀನು ಅಂತ ಇಳಿಯುತ್ತದೆ. ಅಲ್ಲಿ ಅವನು ಹಂದಿ ಅಂತಾನೆ, ಹುಳ ಅಂತಾನೆ, ಫೈರ್‌ಫ್ಲೈಗೆ ಏನೂ ಅನ್ನಿಸುವುದಿಲ್ಲ. 'ಅಪ್‌ಸ್ಟಾರ್ಟ್' ಅಂದ ತಕ್ಷಣ ಕೆನ್ನೆಗೆ ಬಿಡುತ್ತಾನೆ. ಏಕಾಏಕಿ ಮೇಲೇರಿ ಮೆರೆಯುವವನು ಅಂತ ಅರ್ಥ. ಆ ಪದಕ್ಕೆ ಕನ್ನಡದಲ್ಲಿ ಏನು? ನಿಘಂಟಿನ ಪದ ಯಾವುದೂ ಕೆನ್ನೆಗೆ ಹೊಡೆಯುವಷ್ಟು ಚುಚ್ಚುತ್ತಿರಲಿಲ್ಲ. ಒಂದು ಸಂಜೆ ಆ ದೃಶ್ಯವನ್ನು ಇಪ್ಪತ್ತನೇ ಸಲ ಓಡಿಸುತ್ತಿದ್ದಾಗ ಹಿಂದೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದ ನಮ್ಮತ್ತೆ "ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ" ಅಂದರು. ಪದ ಸಿಕ್ಕಿಬಿಟ್ಟಿತು.

"ಹಂದಿ!" "ಹುಳ!" "ಅಲ್ಪ!" ಮೂರಕ್ಕೂ ಎರಡೆರಡೇ ಅಕ್ಷರ. ಅತ್ತೆಗೆ ಕೇಳಿದೆ, "ಇಷ್ಟಕ್ಕೇ ಯುದ್ಧ ಮಾಡ್ತಾರಾ ಅತ್ತೆ?" "ಇದಕ್ಕಿಂತ ಕಡಿಮೆಗೂ ಮಾಡ್ತಾರಪ್ಪ" ಅಂತ ಅವರೆಕಾಯಿ ಕಡೆ ತಿರುಗಿದರು. ಸಿನಿಮಾದಲ್ಲೂ ಹಾಗೇ ಆಗುತ್ತದೆ. ಕೊನೆಗೊಂದು ಸಲ ರಾಜಿಗೆ ಅಂತ ಟ್ರೆಂಟಿನೋ ಬರುತ್ತಿರುತ್ತಾನೆ. ನಾನು ಕೈ ಚಾಚಿದಾಗ ಅವನು ಕುಲುಕದಿದ್ದರೆ ಅಂತ ಫೈರ್‌ಫ್ಲೈ ಒಬ್ಬನೇ ಊಹಿಸಿಕೊಂಡು, ಊಹೆಗೇ ಉರಿದುಹೋಗಿ, ಅವನು ಒಳಗೆ ಬಂದ ಕೂಡಲೇ ಬಾರಿಸುತ್ತಾನೆ. ಅಲ್ಲಿಂದ ಯುದ್ಧ.

ಮೊದಲ ಪ್ರದರ್ಶನ ಹಾಳಾಯಿತು. ನಾನು ಟೈಮಿಂಗ್ ಕೂರಿಸಿದ್ದು ಸೆಕೆಂಡಿಗೆ 24 ಫ್ರೇಮ್ ಓಡುವ ಪ್ರತಿಗೆ, ಅವತ್ತು ಹಾಕಿದ ಡಿವಿಡಿ 25ರದ್ದು. ಅದು ನೂರಕ್ಕೆ ನಾಲ್ಕರಷ್ಟು ಬೇಗ ಓಡುತ್ತದೆ. ಮೊದಲ ಐದು ನಿಮಿಷ ಯಾರಿಗೂ ಗೊತ್ತಾಗಲಿಲ್ಲ. ಅರ್ಧ ಗಂಟೆಗೆ ಸಬ್‌ಟೈಟಲ್ ಒಂದು ನಿಮಿಷಕ್ಕೂ ಹೆಚ್ಚು ಹಿಂದೆ ಬಿದ್ದಿತ್ತು. ಬಾಯೇ ಬಿಡದ ಹಾರ್ಪೋ ಮುಖದ ಕೆಳಗೆ ಗ್ರೌಚೋ ಮಾತು. ಸಾಫ್ಟ್‌ವೇರ್‌ನಲ್ಲಿ ಫ್ರೇಮ್ ರೇಟ್ ಬದಲಿಸುವ ಒಂದು ಗುಂಡಿ ಇದೆ, ಒತ್ತಿದರೆ ಎಲ್ಲ ಸರಿಹೋಗುತ್ತದೆ ಅಂತ ಮಾರನೇ ದಿನ ಗೊತ್ತಾಯಿತು.

ಅವತ್ತು ಇನ್ನೊಂದೂ ಕಂಡಿತು. "ಇವನ ಮಾತು ಪೆದ್ದನ ಥರ ಇದೆ, ಮುಖ ಪೆದ್ದನ ಥರ ಇದೆ, ಆದರೆ ಮೋಸ ಹೋಗಬೇಡಿ, ಇವನು ನಿಜಕ್ಕೂ ಪೆದ್ದನೇ" ಅನ್ನುವುದನ್ನು ನಾನು ಒಟ್ಟಿಗೆ ತೋರಿಸಿದ್ದೆ. ಜನ ಓದಿ ಮೊದಲೇ ನಕ್ಕುಬಿಡುತ್ತಾರೆ, ನಟ ಹೇಳುವ ಹೊತ್ತಿಗೆ ನಗು ಮುಗಿದಿರುತ್ತದೆ. ಮನೆಗೆ ಬಂದು ಅಂಥ ಮಾತುಗಳನ್ನೆಲ್ಲ ಎರಡಾಗಿ ಸೀಳಿದೆ. ಕೊನೆಯ ತುಂಡು ನಟನ ಬಾಯಿ ತೆರೆದ ಮೇಲೇ ಬರಬೇಕು. ಒಂದು ಸೆಕೆಂಡಿನ ಕಾಲು ಭಾಗ ಆಚೀಚೆ ಆದರೂ ನಗುವಿನ ಸದ್ದು ಬೇರೆ ಇರುತ್ತದೆ, ಎರಡನೇ ಪ್ರದರ್ಶನದಲ್ಲಿ ಹಿಂದಿನ ಸಾಲಲ್ಲಿ ಕೂತು ಅದನ್ನೇ ಕೇಳಿಸಿಕೊಂಡೆ.

ಆವತ್ತು ಎಲ್ಲಕ್ಕಿಂತ ಜೋರು ನಗು ಬಂದದ್ದು ಮಾತ್ರ ನನ್ನ ಫೈಲ್‌ನಲ್ಲಿ ಏನೂ ಇಲ್ಲದ ಜಾಗದಲ್ಲಿ. ಕನ್ನಡಿ ಒಡೆದು, ಗ್ರೌಚೋ ವೇಷದ ಹಾರ್ಪೋ ತಾನೇ ಪ್ರತಿಬಿಂಬವಾಗಿ ನಿಲ್ಲುವ ದೃಶ್ಯ. ಗ್ರೌಚೋ ಗರ್ರನೆ ಒಂದು ಸುತ್ತು ತಿರುಗುತ್ತಾನೆ, ಹಾರ್ಪೋ ತಿರುಗುವುದೇ ಇಲ್ಲ, ಕೊನೆಯಲ್ಲಿ ಕೈ ಮಾತ್ರ ಅವನ ಹಾಗೇ ಚಾಚುತ್ತಾನೆ. ಮಾತಿಲ್ಲ, ಸಂಗೀತವೂ ಇಲ್ಲ. ನನಗೆ ಸ್ವಲ್ಪ ಹೊಟ್ಟೆ ಉರಿಯಿತು.

ಒಂದು ಸಾಲು ಇನ್ನೂ ಬಾಕಿ ಇದೆ. ಅದೇ ಕೋರ್ಟಿನಲ್ಲಿ ಲೆವನ್‌ವರ್ತ್ ಜೈಲಿನ ಹೆಸರನ್ನು ಹನ್ನೊಂದು ಅಂತ ಕೇಳಿಸುವಂತೆ ಮಾಡಿ, ಅಲ್ಲಿಂದ ಹನ್ನೆರಡಕ್ಕೆ ಹೋಗುವ ಶ್ಲೇಷೆ. ಪರಪ್ಪನ ಅಗ್ರಹಾರ ಅಂತ ಏನಾದರೂ ಮಾಡು ಅಂದರು ಗೆಳೆಯರು. ಫ್ರೀಡೋನಿಯಾದ ಕೋರ್ಟಿನಲ್ಲಿ ಬೆಂಗಳೂರಿನ ಜೈಲು ಯಾಕೆ ಬರುತ್ತದೆ, ಒಪ್ಪಲಿಲ್ಲ. ಸದ್ಯಕ್ಕೆ ಆ ಜಾಗದಲ್ಲಿ "ಹತ್ತು ವರ್ಷ ಜೈಲು" ಅಂತ ಸಪ್ಪೆಯಾಗಿ ಬರುತ್ತದೆ, ನನ್ನ ಫೈಲ್‌ನಲ್ಲಿ ಪಕ್ಕಕ್ಕೆ ಮೂರು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದೇನೆ.