ಪಾಳಿಪಟ್ಟಿ ಇಳಿಸಿದ ಮೇಲೆ

ನಮ್ಮ ಬೌದ್ಧ ಧ್ಯಾನ ಶಿಬಿರ ಕೇಂದ್ರದ ಅಡುಗೆಮನೆಯ ಗೋಡೆಯಿಂದ, ಯಾವ ಕೆಲಸ ಯಾರದು ಎಂದು ಬರೆದ ಪಾಳಿಪಟ್ಟಿ ಇಳಿಸಿ ಈ ತಿಂಗಳಿಗೆ ಮೂರು ವರ್ಷ. ಇಳಿಸಿದ ದಿನ ಟ್ರಸ್ಟಿಗಳಲ್ಲಿ ಒಬ್ಬರು, "ಇನ್ನು ಆರು ತಿಂಗಳಿಗೆ ಕೇಂದ್ರಕ್ಕೆ ಬೀಗ ಬೀಳುತ್ತದೆ, ಬರೆದಿಟ್ಟುಕೊಳ್ಳಿ" ಎಂದಿದ್ದರು. ಹೋದ ವಾರ ಅವರೇ ಇನ್ನೊಂದು ಕೇಂದ್ರದ ವ್ಯವಸ್ಥಾಪಕರನ್ನು ಕರೆತಂದು, "ಇವರಿಗೆ ನಿಮ್ಮ ಕ್ರಮವನ್ನು ಸ್ವಲ್ಪ ತಿಳಿಸಿ" ಎಂದರು. ಬಾಯಲ್ಲಿ ಹೇಳಿದ್ದರಲ್ಲಿ ಅರ್ಧ ಬಿಟ್ಟುಹೋಯಿತು. ಅದಕ್ಕೇ ಬರೆಯುತ್ತಿದ್ದೇನೆ. ಓದುವವರು ಶಿಬಿರ ನಡೆಸಿ ಗೊತ್ತಿರುವವರು ಎಂದುಕೊಂಡಿದ್ದೇನೆ. ಅಷ್ಟಶೀಲ, ಆರ್ಯಮೌನ, ನಸುಕಿನ ನಾಲ್ಕರ ಗಂಟೆ ಇವನ್ನೆಲ್ಲ ವಿವರಿಸಲು ಹೋಗುವುದಿಲ್ಲ.

ನಮ್ಮದು ನಲವತ್ನಾಲ್ಕು ಹಾಸಿಗೆಯ ಕೇಂದ್ರ. ವರ್ಷಕ್ಕೆ ಹತ್ತು ದಿನದ ಶಿಬಿರಗಳು ಹದಿನೆಂಟೋ ಇಪ್ಪತ್ತೋ ನಡೆಯುತ್ತವೆ. ಅಲ್ಲೇ ವಾಸವಿದ್ದು ಸೇವೆ ಮಾಡುವವರು ಹತ್ತು ಹನ್ನೊಂದು ಜನ, ಜೊತೆಗೆ ಒಬ್ಬರು ಆಚಾರ್ಯರು. ಆಗಾಗ ಒಬ್ಬಿಬ್ಬರು ಭಿಕ್ಖುಗಳು ಬಂದು ತಂಗುತ್ತಾರೆ. ಶುಲ್ಕವಿಲ್ಲ, ದಾನವೇ ಆಧಾರ. ಧ್ಯಾನಕ್ಕೆ ಬಂದವರು ಹತ್ತು ದಿನ ಮುಗಿಸಿ ನಗುಮುಖದಲ್ಲಿ ಹೊರಡುತ್ತಿದ್ದರು. ಆರು ತಿಂಗಳ ಮಾತು ಕೊಟ್ಟು ಬಂದ ಸೇವಕರು ಮೂರನೆಯ ತಿಂಗಳಿಗೇ ಮುಖ ಗಂಟುಹಾಕಿಕೊಂಡು ಗಂಟುಮೂಟೆ ಕಟ್ಟುತ್ತಿದ್ದರು. ಒಬ್ಬರು ಹೋದರೆ ಹೊಸಬರಿಗೆ ಕೆಲಸ ಕಲಿಸಲು ಮೂರು ವಾರ ಬೇಕು. ಅಷ್ಟರಲ್ಲಿ ಇನ್ನೊಬ್ಬರು ಹೊರಟಿರುತ್ತಿದ್ದರು.

ಕಾರಣ ಕೇಳಿದರೆ ನಗು ಬರುತ್ತದೆ. ಬುದ್ಧನ ಕಾಲದಲ್ಲಿ ಕೋಸಂಬಿ ನಗರದ ಭಿಕ್ಖುಗಳು ಎರಡು ಪಂಗಡವಾದದ್ದು ಶೌಚದ ಮನೆಯ ಪಾತ್ರೆಯಲ್ಲಿ ಉಳಿಸಿಟ್ಟ ನೀರಿನಿಂದ ಎಂದು ಬೌದ್ಧ ಗ್ರಂಥಗಳ ಹಳೆಯ ವ್ಯಾಖ್ಯಾನವಾದ ಅಟ್ಠಕಥೆ ಹೇಳುತ್ತದೆ. ನಮ್ಮಲ್ಲಿ ಅದು ಹಿಂಡದೆ ಬಕೆಟ್ಟಿನಲ್ಲೇ ಬಿಟ್ಟ ನೆಲ ಒರೆಸುವ ಬಟ್ಟೆ. ಅದೊಂದು ಬಟ್ಟೆಯಿಂದ ಇಬ್ಬರು ಒಳ್ಳೆಯ ಸೇವಕರನ್ನು ಕಳೆದುಕೊಂಡಿದ್ದೇನೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಪಟ್ಟಿಯನ್ನು ಬೆಳೆಸಿದೆ. ಇಪ್ಪತ್ತು ಕೆಲಸವಿದ್ದದ್ದು ಅರವತ್ತು ದಾಟಿತು. ಮೂರು ಬಣ್ಣ, ಹೆಸರಿನ ಮುಂದೆ ಗುರುತು, ಬದಲಿ ಹೆಸರಿಗೆ ಇನ್ನೊಂದು ಕಲಂ. ಪಟ್ಟಿಯಲ್ಲಿದ್ದ ಕೆಲಸ ನಡೆಯಿತು. ಪಟ್ಟಿಯಲ್ಲಿ ಇಲ್ಲದ್ದು ಯಾರದೂ ಅಲ್ಲ ಎಂದಾಯಿತು.

ಆ ಪಟ್ಟಿ ನನ್ನ ಮನಸ್ಸಿನಿಂದ ಇಳಿದದ್ದು ಒಂದು ಮಧ್ಯಾಹ್ನ. ಹಿರಿಯ ಭಿಕ್ಖುವೊಬ್ಬರು ನಮ್ಮಲ್ಲಿ ತಂಗಿದ್ದರು. ಕೈಯಾರೆ ಯಾರಾದರೂ ಅರ್ಪಿಸದೆ ಅವರು ಆಹಾರ ಮುಟ್ಟುವಂತಿಲ್ಲ, ನಡುಹಗಲು ಕಳೆದ ಮೇಲೆ ಉಣ್ಣುವಂತಿಲ್ಲ. ನಮಗೆಲ್ಲ ಗೊತ್ತಿದ್ದದ್ದೇ. ಅಂದು ಅರ್ಪಿಸುವ ಪಾಳಿ ಇದ್ದವನಿಗೆ ಜ್ವರ, ಬದಲಿ ಹೆಸರಿನವಳು ಹಿಂದಿನ ದಿನವೇ ಕೇಂದ್ರ ಬಿಟ್ಟಿದ್ದಳು. ಅಡುಗೆಯವರು ಪಾತ್ರೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ತಮ್ಮ ಪಾಲು ಮುಗಿಯಿತೆಂದು ಧ್ಯಾನಮಂದಿರಕ್ಕೆ ಹೋದರು. ಹನ್ನೆರಡೂಕಾಲಿಗೆ ನಾನು ಊಟದ ಮನೆಗೆ ಕಾಲಿಟ್ಟಾಗ ಭಂತೇ, ಅಂದರೆ ಆ ಹಿರಿಯ ಭಿಕ್ಖು, ಗೋಡೆಗೆ ಬೆನ್ನು ಕೊಡದೆ ನೆಟ್ಟಗೆ ಕುಳಿತಿದ್ದರು. ಎದುರಿನ ಪಾತ್ರೆಗಳ ಮುಚ್ಚಳ ಮುಚ್ಚಿದ್ದಂತೆಯೇ ಇತ್ತು. ಭಿಕ್ಷಾಪಾತ್ರೆ ತೊಳೆದು ಒರೆಸಿಟ್ಟಷ್ಟು ಒಣಗಿತ್ತು.

"ಭಂತೇ, ಒಂದು ಸಲ ಕೂಗಬಾರದಿತ್ತೇ?" ಎಂದೆ.

"ಮೌನದ ಶಿಬಿರವಲ್ಲವೇ" ಎಂದು ನಕ್ಕು, ನೀರಿನ ಲೋಟಕ್ಕೆ ಕೈಚಾಚಿದರು. ಕೊಡದಿದ್ದರೂ ತೆಗೆದುಕೊಳ್ಳಬಹುದಾದದ್ದು ಭಿಕ್ಖುಗಳ ನಿಯಮಗಳಾದ ವಿನಯದಲ್ಲಿ ಎರಡೇ: ನೀರು, ಹಲ್ಲುಜ್ಜುವ ಕಡ್ಡಿ. ಮರುದಿನ ಬೆಳಗಾಗುವವರೆಗೆ ಅವರಿಗೆ ಆ ನೀರೇ ಗತಿಯಾಯಿತು. ಅಂದು ಕೇಂದ್ರದಲ್ಲಿ ಐವತ್ತಕ್ಕೂ ಹೆಚ್ಚು ಜನರಿದ್ದೆವು.

ಇಷ್ಟಾದರೂ ಬುದ್ಧಿ ಬರಲು ಇನ್ನೊಂದು ವರ್ಷ ಹಿಡಿಯಿತು. ಸಂಬಳಕ್ಕೆ ನಾಲ್ವರನ್ನು ಇಟ್ಟುಕೊಂಡೆವು. ಬಂದ ದಾನದಲ್ಲಿ ಮೂರರಲ್ಲೊಂದು ಪಾಲು ಅತ್ತ ಹೋಗಿ, ಐದು ತಿಂಗಳ ಖರ್ಚಿಗೆ ಸಾಕಾಗುವಷ್ಟಿದ್ದ ಮೀಸಲು ಹಣ ಐದಾರು ವಾರಕ್ಕೆ ಬಂದು ನಿಂತಿತು. ಹಣಕ್ಕಿಂತ ಕೆಟ್ಟ ನಷ್ಟವೆಂದರೆ ನಮ್ಮ ಸೇವಕರು ಮೇಸ್ತ್ರಿಗಳಾದರು. ಪಾತ್ರೆ ತಿಕ್ಕುವವರ ಹಿಂದೆ ನಿಂತು ಮೈತ್ರಿಯ ಬಗ್ಗೆ ಉಪದೇಶ ಮಾಡುವಷ್ಟು. ಆಮೇಲೆ ತಿಂಗಳಿಗೊಂದು ಮುಕ್ತ ಸಭೆ ಇಟ್ಟೆ. ಎರಡನೆಯ ಸಭೆಯೇ ನ್ಯಾಯಾಲಯವಾಯಿತು, ನಾಲ್ಕನೆಯದು ನಡೆಯಲೇ ಇಲ್ಲ.

ದಾರಿ ಸಿಕ್ಕಿದ್ದು ಅದೇ ಕೋಸಂಬಿಯ ಕಥೆಯ ಮುಂದಿನ ಭಾಗದಲ್ಲಿ. ಜಗಳ ನಿಲ್ಲದಿದ್ದಾಗ ಬುದ್ಧ ಎದ್ದು ಹೊರಟು, ಅನುರುದ್ಧ, ನಂದಿಯ, ಕಿಂಬಿಲ ಎಂಬ ಮೂವರು ಭಿಕ್ಖುಗಳು ಇದ್ದ ವನಕ್ಕೆ ಬರುತ್ತಾನೆ. ಅವರು ಹಾಲು ನೀರು ಬೆರೆತಂತೆ ಇದ್ದರು ಎನ್ನುವ ಸಾಲನ್ನು ಎಲ್ಲರೂ ಹೇಳುತ್ತಾರೆ. ಅವರು ಹೇಗೆ ಹಾಗಿದ್ದರು ಎಂಬುದೂ ಬುದ್ಧನ ಉಪದೇಶಗಳ ಸಂಗ್ರಹವಾದ ಮಜ್ಝಿಮ ನಿಕಾಯದಲ್ಲೇ ಇದೆ. ಭಿಕ್ಷೆಯಿಂದ ಮೊದಲು ಬಂದವನು ಆಸನ ಹಾಸಿ ನೀರಿಡುತ್ತಾನೆ, ಕೊನೆಗೆ ಬಂದವನು ಗುಡಿಸಿ ತೆಗೆದಿಡುತ್ತಾನೆ. ಬರಿದಾದ ಕೊಡ ಯಾರ ಕಣ್ಣಿಗೆ ಬಿತ್ತೋ ಅವನೇ ತುಂಬುತ್ತಾನೆ. ಭಾರವಾದರೆ ಕೈಸನ್ನೆಯಿಂದ ಇನ್ನೊಬ್ಬನನ್ನು ಕರೆಯುತ್ತಾನೆ, ಅದಕ್ಕಾಗಿ ಮಾತಾಡುವುದಿಲ್ಲ. ಐದು ದಿನಕ್ಕೊಮ್ಮೆ ರಾತ್ರಿಯಿಡೀ ಕುಳಿತು ಧಮ್ಮದ ಮಾತು. ಇಪ್ಪತ್ತು ಸಲವಾದರೂ ಓದಿದ್ದೆ. ಅದು ಅಡುಗೆಮನೆ ನಡೆಸುವ ಕ್ರಮ ಎಂದು ಹೊಳೆದಿರಲಿಲ್ಲ.

ಪಟ್ಟಿ ಇಳಿಸಿದೆ. ತಪ್ಪಿದರೆ ಶಿಬಿರವೇ ಕೆಡುವ ಮೂರಕ್ಕೆ ಮಾತ್ರ ಹೆಸರು ಉಳಿಸಿಕೊಂಡೆ: ಗಂಟೆ, ಒಲೆ, ರಾತ್ರಿಯ ಗೇಟು. ಉಳಿದದ್ದೆಲ್ಲ ಕಂಡವರ ಕೆಲಸ. ಭಂತೇಗಳಿಗೆ ಅರ್ಪಿಸುವುದೂ ಅಷ್ಟೇ, ಹನ್ನೊಂದಕ್ಕೆ ಊಟದ ಮನೆಯಲ್ಲಿ ಯಾರಿದ್ದರೆ ಅವರು. ಮೊದಲ ಮೂರು ವಾರ ನರಕ. ಕಸದ ಬುಟ್ಟಿ ತುಂಬಿ ಚೆಲ್ಲಿತು, ಎರಡು ಶಿಬಿರಗಳಲ್ಲಿ ಬೆಳಗಿನ ಉಪಾಹಾರ ತಡವಾಯಿತು. ಟ್ರಸ್ಟಿಗಳ ಫೋನು ದಿನಕ್ಕೆರಡು ಸಲ. ಆರನೆಯ ವಾರಕ್ಕೆ ಬಕೆಟ್ಟಿನಲ್ಲಿದ್ದ ಒರೆಸುವ ಬಟ್ಟೆಯನ್ನು ಯಾರೋ ಹಿಂಡಿ ತಂತಿಗೆ ಹಾಕಿದ್ದನ್ನು ಕಂಡೆ. ಯಾರೆಂದು ಇವತ್ತಿಗೂ ಗೊತ್ತಿಲ್ಲ.

ಬರೀ ಪಟ್ಟಿ ಇಳಿಸಿ ಇದನ್ನು ಮಾಡಲು ಹೋಗಬೇಡಿ, ಕೈ ಸುಡುತ್ತದೆ. ಇದರ ಜೊತೆ ಐದನೆಯ ರಾತ್ರಿ ಇರಲೇಬೇಕು. ನಾವು ರಾತ್ರಿಯಿಡೀ ಕೂರುವುದಿಲ್ಲ, ಧ್ಯಾನಕ್ಕೆ ಬಂದ ಸಾಧಕರು ಮಲಗಿದ ಮೇಲೆ ಒಂದೂಕಾಲು ಗಂಟೆ. ಅರ್ಧ ಪಾಲು ಮೌನ. ಉಳಿದರ್ಧದಲ್ಲಿ ಪ್ರತಿಯೊಬ್ಬರೂ ತಾವು ಕಂಡೂ ಮಾಡದೆ ಬಿಟ್ಟ ಒಂದು ಕೆಲಸವನ್ನು ಹೇಳಬೇಕು. ಬೇರೆಯವರ ಹೆಸರು ಬಾಯಿಗೆ ಬಂದರೆ ಸಣ್ಣ ಗಂಟೆ ಬಾರಿಸುತ್ತೇವೆ. ಯಾರಿಂದ ಶುರುಮಾಡಿಸುತ್ತೇನೆ ಎಂಬುದರಲ್ಲಿ ಒಂದು ಗುಟ್ಟಿದೆ. ಅದನ್ನು ಬರೆಯುವುದಿಲ್ಲ, ಬಂದು ನಮ್ಮ ಜೊತೆ ಕುಳಿತರೆ ಕಾಣುತ್ತದೆ.

ಬೇರೆಯವರ ಮೇಲಿನ ದೂರಿಗೆ ಮೂರು ತಿಂಗಳಿಗೊಮ್ಮೆ ಪವಾರಣಾ. ಭಿಕ್ಖುಗಳು ಮಳೆಗಾಲದ ವಾಸ ಮುಗಿದಾಗ ಮಾಡುವುದನ್ನೇ ಗೃಹಸ್ಥರಿಗೆ ಹೊಂದಿಸಿಕೊಂಡೆವು: ಕಂಡದ್ದು, ಕೇಳಿದ್ದು, ಅನುಮಾನ ಬಂದದ್ದು ಏನಿದ್ದರೂ ಕರುಣೆಯಿಟ್ಟು ಹೇಳಿ ಎಂದು ಕೈಮುಗಿದು ಕೇಳುವುದು. ಮೊದಲು ಕೇಳಬೇಕಾದವನು ವ್ಯವಸ್ಥಾಪಕ. ನಾನು ಕೇಳಿದೆ. ಹತ್ತು ನಿಮಿಷ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಅಡುಗೆಮನೆಯ ಹುಡುಗಿ, ಎಲ್ಲರಿಗಿಂತ ಚಿಕ್ಕವಳು, "ಸರ್, ನೀವು ಒಳಗೆ ಬಂದಾಗಲೆಲ್ಲ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತೀರಿ, ಮುಚ್ಚದೆ ಹೋಗುತ್ತೀರಿ" ಎಂದಳು. ಹತ್ತು ವರ್ಷದಿಂದ ಹಾಗೇ ಮಾಡುತ್ತಿದ್ದೆ! ಇನ್ನೊಬ್ಬ ಅದಕ್ಕಿಂತ ದೊಡ್ಡದನ್ನು ಹೇಳಿದ: "ಮುಂದಿನ ಶಿಬಿರದಲ್ಲಿ ಕೂರಿಸುತ್ತೇನೆ ಎಂದು ನನಗೆ ನಾಲ್ಕು ಸಲ ಮಾತು ಕೊಟ್ಟು ತಪ್ಪಿದ್ದೀರಿ."

ಅವನ ಲೆಕ್ಕ ಸರಿಯಾಗಿತ್ತು. ಧ್ಯಾನ ಮಾಡಲೆಂದು ಬಂದವನನ್ನು, ಕೈ ಸಾಲದು ಎಂಬ ನೆಪದಲ್ಲಿ ವರ್ಷವಿಡೀ ಪಾತ್ರೆಯ ಮುಂದೆ ನಿಲ್ಲಿಸಿದ್ದೆ. ಅಂದಿನಿಂದ ಪ್ರತಿ ಸೇವಕನಿಗೂ ಮೂರು ಶಿಬಿರ ಸೇವೆ, ನಾಲ್ಕನೆಯದರಲ್ಲಿ ಸಾಧಕನಾಗಿ ಕೂರುವುದು. ಯಾರು ಕಾಯಿಲೆ ಬಿದ್ದರೂ ಇದು ಬದಲಾಗುವುದಿಲ್ಲ. ಟ್ರಸ್ಟಿಗಳು ಹೌಹಾರಿದ್ದು ಇಲ್ಲೇ. ಪ್ರತಿ ಶಿಬಿರಕ್ಕೆ ಸುಮಾರು ಮೂರು ಹಾಸಿಗೆ ನಮ್ಮವರಿಗೇ ಹೋದರೆ ವರ್ಷಕ್ಕೆ ಅರವತ್ತು, ಅಂದರೆ ಹೆಚ್ಚುಕಡಿಮೆ ಒಂದೂವರೆ ಶಿಬಿರದ ದಾನ ಖೋತಾ. ಲೆಕ್ಕ ತಪ್ಪಿರಲಿಲ್ಲ. ಆದರೆ ಸಂಬಳದವರು ನಾಲ್ವರಿದ್ದದ್ದು ಒಬ್ಬರಿಗೆ ಇಳಿಯಿತು. ಅವರು ವಿದ್ಯುತ್ತು, ಪಂಪು ನೋಡಿಕೊಳ್ಳುವವರು, ಬೇಕೇ ಬೇಕು. ಮೂರನೆಯ ತಿಂಗಳಿಗೇ ಓಡುತ್ತಿದ್ದ ಸೇವಕರು ಈಗ ಸರಾಸರಿ ಒಂದು ವರ್ಷ ದಾಟಿಸುತ್ತಾರೆ. ಮೀಸಲು ಹಣ ಮತ್ತೆ ಆರು ತಿಂಗಳ ಖರ್ಚಿನ ಹತ್ತಿರಕ್ಕೆ ಬಂದಿದೆ. ಅಂಕಿಗಳು ನೆನಪಿನವು, ಖಾತೆಪುಸ್ತಕದಲ್ಲಿ ಅಷ್ಟಿಷ್ಟು ಆಚೀಚೆ ಇರಬಹುದು.

ನಡುವೆ ಹುಚ್ಚಾಟಗಳೂ ನಡೆದವು. ಕೈಸನ್ನೆಯನ್ನು ನಾವೂ ಕಲಿಯೋಣವೆಂದು ಹದಿನೇಳು ಸನ್ನೆ ಕಟ್ಟಿದೆವು. ಒಬ್ಬಳು 'ಉಪ್ಪು ಕಡಿಮೆ' ಎಂದದ್ದನ್ನು ಇನ್ನೊಬ್ಬ 'ಒಲೆ ಆರಿಸು' ಎಂದು ಓದಿದ ಮೇಲೆ ಆರನ್ನು ಮಾತ್ರ ಉಳಿಸಿಕೊಂಡೆವು. ಜೆನ್ ಎಂಬ ಬೌದ್ಧ ಪಂಥದ ಮಠಗಳಲ್ಲಿ ದುಡಿಮೆಯೂ ಸಾಧನೆಯೇ, ದುಡಿಯದ ದಿನ ಊಟವಿಲ್ಲ ಎಂಬ ಮಾತು ಚೀನಾದ ಬೈಝಾಂಗ್ ಗುರುವಿನ ಹೆಸರಿನಲ್ಲಿ ಬಂದಿದೆ. ಹಾಗಾದರೆ ನಮ್ಮ ಸಾಧಕರಿಗೂ ಬೆಳಿಗ್ಗೆ ಒಂದು ಗಂಟೆ ಕೆಲಸ ಕೊಡೋಣ ಎಂದು ಎರಡು ಶಿಬಿರಗಳಲ್ಲಿ ನೋಡಿದೆ. ಅಂಗಳವನ್ನು ಒಂದೇ ಬೆಳಿಗ್ಗೆ ಮೂರು ಸಲ ಗುಡಿಸಿದರು, ತಳ ಹಿಡಿದ ಪಾತ್ರೆಗೆ ಒಬ್ಬರೂ ಕೈಹಾಕಲಿಲ್ಲ. ಬಿಟ್ಟುಬಿಟ್ಟೆ. ಕೊನೆಯ ದಿನ ದಾನದ ಬಗ್ಗೆ ಭಾಷಣ ಮಾಡುವುದನ್ನು ನಿಲ್ಲಿಸಿ, ಒಬ್ಬರಿಗೆ ಒಂದು ದಿನಕ್ಕೆ ತಗಲುವ ಖರ್ಚನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಪಕ್ಕ ಇಟ್ಟದ್ದು ಮಾತ್ರ ಫಲ ಕೊಟ್ಟಿತು. ಭಾಷಣದ ಕಾಲಕ್ಕಿಂತ ಕಾಲು ಪಾಲು ಹೆಚ್ಚೇ ಬರುತ್ತಿದೆ. ಚೀಟಿಯ ಒಕ್ಕಣೆಯನ್ನು ಕೇಳಬೇಡಿ, ಅದನ್ನು ಎಂಟು ಸಲ ತಿದ್ದಿದ್ದೇನೆ.

ಬಟ್ಟೆ ಒಗೆಯುವ ಕೋಣೆಗೆ ಮಾತ್ರ ಈ ಕ್ರಮ ಇನ್ನೂ ಹತ್ತಿಲ್ಲ. ಶಿಬಿರ ಮುಗಿದ ದಿನ ನಲವತ್ನಾಲ್ಕು ಜೊತೆ ಹಾಸು ಹೊದಿಕೆ ಅಲ್ಲಿ ಗುಡ್ಡೆ ಬೀಳುತ್ತವೆ, ಎಲ್ಲರ ಕಣ್ಣಿಗೂ ಬೀಳುತ್ತವೆ, ಎಲ್ಲರೂ ಆ ಬಾಗಿಲ ಮುಂದೆ ಹೆಜ್ಜೆ ಚುರುಕು ಮಾಡುತ್ತಾರೆ. ಹೋದ ಐದನೆಯ ರಾತ್ರಿ ಏಳು ಜನ ಆ ಗುಡ್ಡೆಯನ್ನೇ ಒಪ್ಪಿಕೊಂಡರು. ನಾನು ಎಂಟನೆಯವನು.