ಸಿ ಡ್ರೈವ್ ತುಂಬಿತೇ? ಗೇಮ್ ಅಳಿಸಬೇಡಿ, ಜಾಗ ಬದಲಿಸಿ

ನನ್ನ ಸಿ ಡ್ರೈವ್‌ನ ಪಟ್ಟಿ ಕೆಂಪಾಗಿ 9 ಜಿಬಿ ಮಾತ್ರ ಉಳಿದಿತ್ತು. 70 ಜಿಬಿಯ ಗೇಮ್ ಅಳಿಸಿ ಮತ್ತೆ ಇಳಿಸಿಕೊಳ್ಳಲು ಮನಸ್ಸೇ ಬರಲಿಲ್ಲ. ಅದರ ಅಗತ್ಯವೂ ಇಲ್ಲ.

ಕಂಪ್ಯೂಟರ್ ಗೇಮ್‌ಗಳನ್ನು ಇಳಿಸಿಕೊಂಡು ಆಡುವ ಆ್ಯಪ್ ಆದ ಸ್ಟೀಮ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ತೆರೆಯಿರಿ. ಮೇಲಿರುವ ಡ್ರೈವ್ ಹೆಸರು ಒತ್ತಿ, 'ಆಡ್ ಡ್ರೈವ್' ಮೂಲಕ ಡಿ ಡ್ರೈವ್ ಸೇರಿಸಿ. ಮತ್ತೆ ಸಿ ಆರಿಸಿ, ಗೇಮ್ ಪಕ್ಕದ ಚೌಕಕ್ಕೆ ಟಿಕ್ ಹಾಕಿ 'ಮೂವ್' ಒತ್ತಿ. ಮುಗಿಯುವವರೆಗೆ ಕಂಪ್ಯೂಟರ್ ಆಫ್ ಮಾಡಬೇಡಿ.

ಫೋಲ್ಡರನ್ನು ನೀವೇ ಕಟ್-ಪೇಸ್ಟ್ ಮಾಡಲು ಹೋಗಬೇಡಿ. ನಾನು ಹಾಗೆ ಮಾಡಿದಾಗ ಪ್ಲೇ ಬಟನ್ ಇದ್ದಲ್ಲಿ ಮತ್ತೆ ಇನ್‌ಸ್ಟಾಲ್ ಅಂತ ಬಂತು!

ಡಿ ಹಳೆಯ ಹಾರ್ಡ್ ಡಿಸ್ಕ್ ಆಗಿದ್ದರೆ ಲೋಡಿಂಗ್ ನಿಧಾನ. ದಿನಾ ಆಡುವ ದೊಡ್ಡ ಗೇಮನ್ನು ಹಾರ್ಡ್ ಡಿಸ್ಕ್‌ಗಿಂತ ವೇಗದ ಎಸ್‌ಎಸ್‌ಡಿ ಡ್ರೈವ್‌ನಲ್ಲೇ ಇಡಿ, ಅಪರೂಪಕ್ಕೆ ಆಡುವುದನ್ನು ಸಾಗಿಸಿ.